ಅರ್ಧಕ್ಕೆ ಎದ್ದು ಬಂದ ಸಿನಿಮಾ

ಪಾವಗಡದ ತಾಲ್ಲೂಕು ಕಚೇರಿಗೆ ಟೈಪಿಸ್ಟ್ ಆಗಿ ಸೇರಿ ನನಗೆ ಮೂರು ತಿಂಗಳಾಗಿತ್ತು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ವಯಸ್ಸು ಇಪ್ಪತ್ಮೂರು. ಊರು ಕೊರಟಗೆರೆ ಹತ್ತಿರದ ಒಂದು ಹಳ್ಳಿ. ಅಮ್ಮ ಇರಲಿಲ್ಲ, ಅಪ್ಪ ಹಳ್ಳಿಯಲ್ಲಿ ಒಬ್ಬರೇ ಇದ್ದರು. ಪಾವಗಡದಲ್ಲಿ ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ತೆಲುಗು. ಕಚೇರಿಯ ಕಾಗದಗಳೆಲ್ಲ ಕನ್ನಡದಲ್ಲಿದ್ದವು, ಆದರೆ ಆ ಕಾಗದಗಳನ್ನು ಹಿಡಿದುಕೊಂಡು ಬರುವವರು ಅರ್ಧ ಮಾತು ತೆಲುಗಿನಲ್ಲಿ ಆಡುತ್ತಿದ್ದರು. ‘ರಾ’ ಅಂದರೆ ಬಾ, ‘ಪೋ’ ಅಂದರೆ ಹೋಗು ಅನ್ನುವಷ್ಟು ಕಲಿತಿದ್ದೆ. ಅದಕ್ಕಿಂತ ಮುಂದೆ ಹೋಗಿರಲಿಲ್ಲ.

ನಾನಿದ್ದ ಮನೆಯ ಒಡತಿಯದು ತೆಲುಗು ಮನೆಮಾತು. ಐವತ್ತು ದಾಟಿದ ಹೆಂಗಸು. ಮುಂದಿನ ಕೋಣೆಯನ್ನು ನನಗೆ ಬಾಡಿಗೆಗೆ ಕೊಟ್ಟು ಹಿಂದೆ ತಾನಿದ್ದಳು. ಸಿನಿಮಾ ಅಂದರೆ ಜೀವ. ಊರಿಗೆ ಬಂದ ಯಾವ ಸಿನಿಮಾವನ್ನೂ ಬಿಡುತ್ತಿರಲಿಲ್ಲ. ಒಂದು ಭಾನುವಾರ ಆಕೆ ಹಿಂದೂಪುರದಲ್ಲಿದ್ದ ಮಗಳ ಮನೆಗೆ ಹೋಗಿದ್ದಳು. ಮನೆಯೊಳಗೆ ಚಾವಣಿಯ ಶೀಟಿನ ಕಾವು ತಡೆಯಲಾಗುತ್ತಿರಲಿಲ್ಲ. ಮಾತಾಡಲು ಒಬ್ಬರೂ ಇರಲಿಲ್ಲ. ಸುಮ್ಮನೆ ಎದ್ದು ಮ್ಯಾಟಿನಿಗೆ ಹೋದೆ. ಒಬ್ಬಳೇ ಸಿನಿಮಾಕ್ಕೆ ಹೋದದ್ದು ಅದೇ ಮೊದಲು. ಹೆಂಗಸರ ಕಡೆ, ಗೋಡೆಯ ಪಕ್ಕದ ಬೆಂಚಿನ ತುದಿಯಲ್ಲಿ ಕೂತೆ.

ಸಿನಿಮಾ ತೆಲುಗಿನದು. ಅಕ್ಕ ತಂಗಿಯರ ಕಥೆ ಅನ್ನುವುದು ಮೊದಲ ಹತ್ತು ನಿಮಿಷದಲ್ಲೇ ಗೊತ್ತಾಯಿತು. ಅಕ್ಕ ತಂಗಿಯ ತಲೆ ಬಾಚುತ್ತಾಳೆ, ಸ್ಕೂಲಿಗೆ ಕಳಿಸುತ್ತಾಳೆ, ತಂಗಿಗೆ ಜ್ವರ ಬಂದರೆ ದೇವರ ಮುಂದೆ ಅಳುತ್ತಾಳೆ. ಆಮೇಲೆ ಇಬ್ಬರಿಗೂ ಏನೋ ಜಗಳವಾಗುತ್ತದೆ. ಏನೆಂದು ತಿಳಿಯಲಿಲ್ಲ. ತಂಗಿ ಮನೆ ಬಿಟ್ಟು ಹೋಗುತ್ತಾಳೆ. ಅಕ್ಕ ಸೊರಗುತ್ತಾ ಬಂದು ಕೊನೆಗೆ ಮಂಚ ಹಿಡಿಯುತ್ತಾಳೆ. ಸುತ್ತ ಜನ ನಿಂತಿದ್ದಾರೆ. ಆಕೆ ಕಷ್ಟಪಟ್ಟು ಕೈ ಎತ್ತಿ ಬಾಗಿಲ ಕಡೆ ತೋರಿಸಿ ಏನೋ ಹೇಳುತ್ತಾಳೆ. ಅತ್ತ ತಂಗಿ ಕಾಲುವೆಯ ಏರಿಯ ಮೇಲೆ ಸೆರಗು ಹಾರಿಸಿಕೊಂಡು ಓಡಿ ಬರುತ್ತಿದ್ದಾಳೆ.

ನನಗೆ ಕೂರಲಾಗಲಿಲ್ಲ. ಅಕ್ಕ ಕರೆಯುತ್ತಿದ್ದಾಳೆ, ಇವಳು ಹೊತ್ತಿಗೆ ಹೋಗಿ ಮುಟ್ಟುವುದಿಲ್ಲ ಅನ್ನಿಸಿತು. ಬೆಂಚಿನಲ್ಲಿದ್ದವರ ಮೊಣಕಾಲು ದಾಟಿಕೊಂಡು ಹೊರಗೆ ಬಂದುಬಿಟ್ಟೆ. ಬಿಸಿಲು ಕಣ್ಣಿಗೆ ಹೊಡೆಯಿತು. ಸೋಡಾ ಅಂಗಡಿಯವನು, ‘ಇನ್ನೂ ಬಿಟ್ಟಿಲ್ವಲ್ಲಮ್ಮಾ?’ ಎಂದ. ನೆಟ್ಟಗೆ ಮನೆಗೆ ಬಂದೆ.

ನನ್ನ ಅಕ್ಕ ಮಧುಗಿರಿಯಲ್ಲಿದ್ದಳು. ನನಗಿಂತ ಒಂಬತ್ತು ವರ್ಷ ದೊಡ್ಡವಳು. ಭಾವ ಅಲ್ಲಿ ಒಬ್ಬ ವಕೀಲರ ಹತ್ತಿರ ಗುಮಾಸ್ತರು. ಅಮ್ಮ ಹೋದ ಮೇಲೆ ಅಕ್ಕನೇ ನನ್ನನ್ನು ತನ್ನ ಮನೆಯಲ್ಲಿಟ್ಟುಕೊಂಡು ಹೈಸ್ಕೂಲು ಓದಿಸಿ ಟೈಪಿಂಗ್‌ಗೆ ಸೇರಿಸಿದಳು. ಒಂದು ದಿನ ನನ್ನನ್ನು ನೋಡಲು ಸಿರಾದಿಂದ ಗಂಡಿನ ಕಡೆಯವರು ಬಂದರು. ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದ ಹುಡುಗ. ಅವರು ಬರುವ ವಿಷಯ ನನಗೆ ಗೊತ್ತಾದದ್ದು ಆ ಬೆಳಿಗ್ಗೆ. ಅವರೆಲ್ಲ ಚಾಪೆಯ ಮೇಲೆ ಕೂತು ಉಪ್ಪಿಟ್ಟು ತಿನ್ನುತ್ತಿದ್ದಾಗ ನಾನು ಹಿತ್ತಲ ಬಾಗಿಲಿಂದ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹೋಗಿಬಿಟ್ಟೆ. ಎರಡು ಗಂಟೆ ಬಿಟ್ಟು ವಾಪಸು ಬಂದಾಗ ಅಕ್ಕ ಬಾಗಿಲಲ್ಲೇ ನಿಂತಿದ್ದಳು. ನನ್ನ ಟ್ರಂಕು ಜಗುಲಿಯ ಮೇಲಿತ್ತು.

‘ನಿಮ್ಮ ಭಾವನ ಮುಖ ಹೆಂಗೆ ನೋಡ್ಲಿ ನಾನು? ಹೋಗು. ಈ ಹೊಸಿಲು ಇನ್ನು ತುಳೀಬ್ಯಾಡ’ ಎಂದು ಬೀದಿಯ ಕಡೆ ಕೈ ತೋರಿಸಿದಳು.

ಅಪ್ಪನ ಹತ್ತಿರ ಹೋದೆ. ಪರೀಕ್ಷೆ ಕಟ್ಟಿದೆ. ಕೆಲಸ ಸಿಕ್ಕಿತು. ಅಕ್ಕನಿಗೆ ತಿಳಿಸಲಿಲ್ಲ. ಅವಳೂ ಕಾಗದ ಬರೆಯಲಿಲ್ಲ. ಹೀಗೆ ಒಂದು ವರ್ಷದ ಮೇಲಾಗಿತ್ತು.

ಆ ಭಾನುವಾರ ಸಂಜೆ ಅನ್ನ ಸೇರಲಿಲ್ಲ. ಅಕ್ಕನಿಗೆ ಏನಾದರೂ ಆಗಿದ್ದರೆ ನನಗೆ ಯಾರು ಹೇಳುತ್ತಾರೆ ಅನ್ನುವ ಯೋಚನೆ ಹತ್ತಿತು. ಅಪ್ಪನಿಗೆ ಬರೆಯಲು ಬಾರದು. ಭಾವ ಬರೆಯುವವರಲ್ಲ. ಸಿನಿಮಾದ ಆ ಕೈ ಕಣ್ಣೆದುರಿಗೇ ಇತ್ತು. ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ತಿರುಗಾಡಿದೆ. ಒಗೆದ ಬಟ್ಟೆಯನ್ನೇ ಮತ್ತೆ ಒಗೆದೆ.

ಸೋಮವಾರ ಕಚೇರಿಯಲ್ಲಿ ನ್ಯಾಯಬೆಲೆ ಅಂಗಡಿಗಳಿಗೆ ಹೋಗಬೇಕಾದ ಒಂದು ಸುತ್ತೋಲೆ ಟೈಪು ಮಾಡಿದೆ. ಮಧ್ಯಾಹ್ನ ಶಿರಸ್ತೇದಾರರು ಕರೆದರು. ವಯಸ್ಸಾದವರು, ಗಟ್ಟಿಯಾಗಿ ಮಾತಾಡದವರು. ಕಾಗದವನ್ನು ನನ್ನ ಮುಂದೆ ಸರಿಸಿದರು.

‘ಏನಮ್ಮ ಇದು? ತಾಲ್ಲೂಕಿಗೆಲ್ಲ ಅಕ್ಕನ್ನ ಹಂಚಾಕೆ ಹೊರಟಿದ್ದೀಯಾ?’

ನೋಡಿದೆ. ‘ಅಕ್ಕಿ ವಿತರಣೆ’ ಎಂದು ಬರಬೇಕಾದ ಕಡೆಯೆಲ್ಲ ‘ಅಕ್ಕ ವಿತರಣೆ’ ಎಂದಿತ್ತು. ಒಂದಲ್ಲ, ನಾಲ್ಕು ಕಡೆ. ಪಕ್ಕದ ಮೇಜಿನವರು ನಕ್ಕರು. ನನಗೆ ಅಳು ಬಂತು. ಶಿರಸ್ತೇದಾರರಿಗೆ ಗಾಬರಿಯಾಗಿ, ‘ಅಯ್ಯೋ ಬುಡಮ್ಮ, ಇನ್ನೊಂದು ಸಲ ಹೊಡ್ಕೊಂಡು ಬಾ, ಅಷ್ಟೇ ತಾನೆ’ ಎಂದರು.

ಸಂಜೆ ಮನೆಯೊಡತಿ ಹಿಂದೂಪುರದಿಂದ ಬಂದಳು. ನನ್ನ ಮುಖ ನೋಡಿದವಳೇ, ‘ಏಮಮ್ಮಾ, ಜ್ವರಾನಾ?’ ಎಂದು ಹಣೆ ಮುಟ್ಟಿದಳು. ಸಿನಿಮಾದ ವಿಷಯ ಹೇಳಿದೆ. ಅಕ್ಕ ತಂಗಿಯನ್ನು ಕರೆಯುತ್ತಾ ಕರೆಯುತ್ತಾ ಪ್ರಾಣ ಬಿಡುವ ಸಿನಿಮಾ, ನೋಡಲಾಗದೆ ಎದ್ದು ಬಂದೆ ಎಂದೆ. ನನ್ನ ಅಕ್ಕನ ವಿಷಯವನ್ನೂ ಆ ಹೊತ್ತಿಗೆ ಹೇಳಿಕೊಂಡೆ. ಆಕೆ ಪೂರ್ತಿ ಕೇಳಿ, ‘ಶುಕ್ರವಾರ ಪಿಚ್ಚರ್ ಬದಲಾಯಿಸ್ತಾರೆ, ನಾಳೆನೇ ನೋಡ್ಬೇಕು’ ಎಂದಳು. ನನ್ನ ಕಷ್ಟಕ್ಕೆ ಹೇಳಿದಳೋ ಸಿನಿಮಾದ ಆಸೆಗೋ ಗೊತ್ತಾಗಲಿಲ್ಲ.

ಮಂಗಳವಾರ ನಾನು ಕಚೇರಿಯಿಂದ ಬರುವಷ್ಟರಲ್ಲಿ ಆಕೆ ಬಾಗಿಲಲ್ಲೇ ಕಾಯುತ್ತಿದ್ದಳು.

‘ಅದಿ ಕಾದಮ್ಮಾ! ನೀನು ಹೇಳಿದ ಕಥೆ ಅದರಾಗೆ ಎಲ್ಲೈತೆ? ಆಯಮ್ಮ ತಂಗೀನ ಎಲ್ಲಿ ಕರೀತಾಳೆ? ದಾನ್ನಿ ಲೋಪಲಿಕಿ ರಾನೀಯೊದ್ದು ಅಂತಾಳೆ. ಅವಳನ್ನ ಒಳಗೆ ಬುಡಬ್ಯಾಡ್ರಿ ಅಂತ! ನನ್ನ ಹೆಣಾನೂ ಅವಳು ಮುಟ್ಟಬಾರದು ಅಂತ!’

ನಾನು ಮೆಟ್ಟಿಲ ಮೇಲೆ ಕೂತೆ. ‘ನಿಮಗೆ ಸರಿಯಾಗಿ ಕೇಳಿಸ್ತಾ?’ ಎಂದೆ.

‘ನನ್ನ ಭಾಷೆ ನನಗೆ ಕೇಳಿಸಲ್ವಾ?’ ಎಂದು ಆಕೆಗೆ ಸಿಟ್ಟೇ ಬಂತು.

ಬುಧವಾರ ಹೇಗೋ ತಳ್ಳಿದೆ. ಗುರುವಾರ ತಲೆನೋವೆಂದು ಬರೆದುಕೊಟ್ಟು ಅರ್ಧ ದಿನ ರಜೆ ಹಾಕಿ ಆಕೆಯ ಜೊತೆ ಮತ್ತೆ ಮ್ಯಾಟಿನಿಗೆ ಹೋದೆ. ಆಕೆ ಪ್ರತಿ ಮಾತನ್ನೂ ಕಿವಿಯಲ್ಲಿ ಕನ್ನಡ ಮಾಡಿ ಹೇಳಿದಳು. ಜಗಳ ಯಾಕಾಯಿತು ಅನ್ನುವುದು ಈಗ ತಿಳಿಯಿತು. ತಂಗಿ ಮಾಡಿದ ಒಂದು ತಪ್ಪನ್ನು ಊರವರು ಅಕ್ಕನ ತಲೆಗೆ ಕಟ್ಟಿದ್ದರು, ತಂಗಿ ಬಾಯಿ ಬಿಡದೆ ನೋಡುತ್ತಾ ನಿಂತಿದ್ದಳು. ಕೈ ಎತ್ತುವ ದೃಶ್ಯ ಬಂತು. ಮನೆಯೊಡತಿ ನನ್ನ ತೊಡೆ ಚಿವುಟಿ, ‘ವಿನು, ವಿನು, ಕೇಳಿಸ್ಕೋ’ ಎಂದಳು. ನನಗೂ ಕೇಳಿಸಿತು. ‘ರಾನೀಯೊದ್ದು.’ ಕೊನೆಗೆ ತಂಗಿ ಅಂಗಳದಲ್ಲೇ ನಿಲ್ಲುತ್ತಾಳೆ. ಹೆಣ ಅವಳ ಪಕ್ಕದಿಂದಲೇ ಹೋಗುತ್ತದೆ. ಯಾರೂ ಅವಳನ್ನು ನೋಡುವುದಿಲ್ಲ. ಹೆಂಗಸರ ಬೆಂಚುಗಳಲ್ಲೆಲ್ಲ ಮೂಗು ಸೀಟುವ ಸದ್ದು. ನನಗೆ ಮಾತ್ರ ಒಂದು ಹನಿ ಕಣ್ಣೀರು ಬರಲಿಲ್ಲ. ಎದೆಯೊಳಗೆ ಯಾರೋ ಪಾತ್ರೆ ತಿಕ್ಕಿದ ಹಾಗಾಗುತ್ತಿತ್ತು.

ದಾರಿಯಲ್ಲಿ ನಾನು, ‘ಮಾತು ಏನೇ ಇರಲಿ, ಮುಖ ನೋಡಿದ್ರೆ ಕರೆಯೋ ಹಾಗೇ ಇದೆ’ ಎಂದೆ.

‘ಮುಖ ನೋಡಿ ಏನಾಗ್ಬೇಕು? ಮಾತಾಡಿದ್ದು ಮಾತಾಡಿದ್ದೇ’ ಎಂದಳು ಆಕೆ. ‘ಅಷ್ಟು ಸಂಕಟ ಇದ್ರೆ ಬಸ್ಸು ಹತ್ತಿ ಹೋಗಿ ಕೇಳು, ನಿಮ್ಮಕ್ಕನ್ನ.’

ಅದು ಎರಡನೇ ಶನಿವಾರದ ವಾರ. ರಜೆಯಿದ್ದ ಆ ಶನಿವಾರ ಮಧ್ಯಾಹ್ನ ಮಧುಗಿರಿ ಬಸ್ಸು ಹತ್ತಿದೆ. ಹೋಗುತ್ತಿರುವುದು ಯಾಕೆಂದು ನನಗೇ ಸರಿಯಾಗಿ ಗೊತ್ತಿರಲಿಲ್ಲ. ಮಿಡಿಗೇಶಿಯಲ್ಲಿ ಬಸ್ಸು ನಿಂತಾಗ ಇಳಿದು ವಾಪಸು ಹೋಗಿಬಿಡಲೇ ಎಂದು ಎದ್ದೂ ನಿಂತೆ. ಕಂಡಕ್ಟರ್ ‘ಇಲ್ಲೇ ಇಳೀತೀರಾ?’ ಎಂದ. ಮತ್ತೆ ಕೂತೆ.

ಅಕ್ಕನ ಮನೆಗೆ ಬೀಗ. ಎದುರು ಮನೆಯ ಅಜ್ಜಿ ಜಗುಲಿಯಲ್ಲಿ ಹುಣಸೆಹಣ್ಣಿನ ಬೀಜ ತೆಗೆಯುತ್ತಾ ಕೂತಿತ್ತು. ನನ್ನನ್ನು ಗುರುತು ಹಿಡಿದು, ‘ಓ, ನೀನಾ! ಎಷ್ಟು ದಿನ ಆತು’ ಎಂದಿತು.

‘ಅಕ್ಕ ಎಲ್ಲಜ್ಜಿ?’

ಅಜ್ಜಿ ಆಚೀಚೆ ನೋಡಿ ದನಿ ಇಳಿಸಿತು. ‘ಶನಿವಾರ ಅಲ್ವೇನೆ? ಟಾಕೀಸಿಗೆ ಹೋಗವ್ಳೆ. ನಾನು ಹೇಳ್ದೆ ಅಂತ ಹೇಳ್ಬುಡಬ್ಯಾಡ ಕಣಮ್ಮ.’

ನನಗೆ ನಂಬಲಾಗಲಿಲ್ಲ. ಆ ಮನೆಯಲ್ಲಿ ನಾನಿದ್ದ ಆರು ವರ್ಷದಲ್ಲಿ ಅಕ್ಕ ಸಿನಿಮಾಕ್ಕೆ ಹೋದದ್ದನ್ನು ನಾನು ಕಂಡಿರಲಿಲ್ಲ. ಭಾವನಿಗೆ ಸಿನಿಮಾ ಅಂದರೆ ಆಗದು. ಬೆಳಿಗ್ಗೆ ವಿಭೂತಿ ಇಟ್ಟು ಪೂಜೆ ಮುಗಿಸಿ ಮನೆ ಬಿಟ್ಟರೆ ವಕೀಲರ ಕಾಗದಪತ್ರ, ಸಂಜೆ ಏಳಕ್ಕೆ ಮನೆ. ಸಿನಿಮಾ ನೋಡುವವರೆಲ್ಲ ಕೆಲಸವಿಲ್ಲದವರು ಅನ್ನುತ್ತಿದ್ದರು.

ಟಾಕೀಸಿನ ಎದುರಿನ ಬೇವಿನ ಮರದ ಕೆಳಗೆ ಹೋಗಿ ನಿಂತೆ. ಒಳಗಿನಿಂದ ಹಾಡು ಕೇಳುತ್ತಿತ್ತು, ಆಮೇಲೆ ಹೊಡೆದಾಟದ ಸದ್ದು. ನಿಂತಲ್ಲಿ ನಿಲ್ಲಲಾಗದೆ ಬಸ್‌ ಸ್ಟ್ಯಾಂಡಿನವರೆಗೆ ಹೋಗಿ ಬಂದೆ. ಇನ್ನೊಂದು ಸಲ ಹೋಗಿ ಬಂದೆ. ಕೊನೆಗೆ ಬಾಗಿಲು ತೆರೆದು ಜನ ನುಗ್ಗಿದರು. ಹೆಂಗಸರ ಬಾಗಿಲಿಂದ, ಎಲ್ಲರಿಗಿಂತ ಹಿಂದೆ, ಅಕ್ಕ ಬಂದಳು. ಸೆರಗು ತಲೆಯ ಮೇಲೆ ಎಳೆದುಕೊಂಡಿದ್ದಳು. ಕಣ್ಣು ಕೆಂಪಗಿತ್ತು. ಸ್ವಲ್ಪ ದಪ್ಪ ಆಗಿದ್ದಳು. ನಾನು ಸಿನಿಮಾ ನೋಡಿ ಹೆದರಿಕೊಂಡ ಹಾಗೆ ಸೊರಗಿರಲಿಲ್ಲ.

ನನ್ನನ್ನು ಕಂಡು ಕಲ್ಲಿನಂತೆ ನಿಂತಳು. ಆಮೇಲೆ ಬಂದು ರಟ್ಟೆ ಹಿಡಿದು ಪಕ್ಕದ ಓಣಿಗೆ ಎಳೆದುಕೊಂಡು ಹೋದಳು.

‘ನಿಮ್ಮ ಭಾವನಿಗೆ ಹೇಳ್ಬುಟ್ರೆ ನೋಡು ಮತ್ತೆ!’

ಒಂದು ವರ್ಷದ ಮೇಲೆ ಅಕ್ಕ ಆಡಿದ ಮೊದಲ ಮಾತು ಅದು.

ಮನೆಯ ಕಡೆ ಹೋಗಲಿಲ್ಲ. ‘ಕಣ್ಣು ಹಿಂಗಿದ್ರೆ ಎದುರು ಮನೆ ಅಜ್ಜಿಗೆ ಗೊತ್ತಾಗ್ಬುಡುತ್ತೆ’ ಎಂದು ಬೆಟ್ಟದ ಬುಡದ ಕಡೆ ನಡೆದಳು. ಅಜ್ಜಿಗೆ ಮೊದಲೇ ಗೊತ್ತು ಅನ್ನುವುದನ್ನು ನಾನು ಹೇಳಲಿಲ್ಲ. ದಾರಿಯುದ್ದಕ್ಕೂ ಅಕ್ಕ ಈಗಷ್ಟೇ ನೋಡಿದ ಸಿನಿಮಾವನ್ನೇ ಬೈದಳು. ಹೆಂಡತಿಯನ್ನು ಬಿಟ್ಟು ಹೋಗಿದ್ದ ಗಂಡ ಹತ್ತು ವರ್ಷದ ಮೇಲೆ ವಾಪಸು ಬರುತ್ತಾನಂತೆ. ಇವಳು ಓಡಿ ಹೋಗಿ ಕಾಲಿಗೆ ಬೀಳುತ್ತಾಳಂತೆ.

‘ಅಳು ಬಂತಲ್ಲ ನಿನಗೆ’ ಎಂದೆ.

‘ಸಿಟ್ಟಿಗೆ ಬಂತು ಕಣೆ ಅಳು. ಅಷ್ಟು ಸುಲಭವಾ? ಬಂದ ತಕ್ಷಣ ಕಾಲಿಗೆ ಬೀಳಾದಾ?’

‘ಮತ್ತೆ ಏನು ಮಾಡ್ಬೇಕಿತ್ತು?’

‘ಒಂದಿನ ಬಾಗಿಲಾಚೆ ಕೂರಿಸ್ಬೇಕಿತ್ತು. ಒಂದೇ ಒಂದು ದಿನ. ಆಮೇಲೆ ಬೇಕಾದ್ರೆ ಕರ್ಕೊಳ್ಲಿ.’

ಅವಳು ಸಿನಿಮಾದ ಗಂಡನ ಬಗ್ಗೆ ಹೇಳಿದಳೋ ನನ್ನ ಬಗ್ಗೆ ಹೇಳಿದಳೋ ತಿಳಿಯಲಿಲ್ಲ. ಒಂದು ಚಪ್ಪಟೆ ಬಂಡೆಯ ಮೇಲೆ ಕೂತೆವು. ಹಗಲೆಲ್ಲ ಬಿಸಿಲು ಕುಡಿದ ಬಂಡೆ ಇನ್ನೂ ಸುಡುತ್ತಿತ್ತು. ಅಕ್ಕ ನನ್ನ ಕೈಚೀಲ, ಚಪ್ಪಲಿ, ಕೊರಳು ಎಲ್ಲವನ್ನೂ ನೋಡಿದಳು. ‘ಪಾವಗಡದಲ್ಲಿದ್ದೀಯಂತೆ’ ಎಂದಳು. ಅಪ್ಪ ಯಾರ ಕೈಲೋ ಹೇಳಿಕಳಿಸಿದ್ದರಂತೆ. ಕೆಲಸದ ಬಗ್ಗೆ ಇನ್ನೇನೂ ಕೇಳಲಿಲ್ಲ. ಸಿರಾದ ಆ ಹುಡುಗನಿಗೆ ಮದುವೆಯಾಯಿತು ಎಂದಳು.

‘ಅವನು ಒಳ್ಳೆಯವನೇ ಕಣೆ. ಅದನ್ನ ಇವತ್ತೂ ಹೇಳ್ತೀನಿ.’

‘ಇರಬಹುದು’ ಎಂದೆ.

ಆಮೇಲೆ ಅವಳೇ, ‘ಏನು ಇದ್ದಕ್ಕಿದ್ದಂಗೆ ಬಂದೆ?’ ಎಂದಳು. ನಾನು ಪಾವಗಡದ ಸಿನಿಮಾ ಹೇಳಿದೆ. ನಾನು ತಿಳಿದುಕೊಂಡ ಹಾಗೇ ಹೇಳಿದೆ. ಅಕ್ಕ ತಂಗಿಯ ತಲೆ ಬಾಚುವುದು, ಜಗಳ, ಮಂಚ, ಎತ್ತಿದ ಕೈ, ಏರಿಯ ಮೇಲೆ ಓಟ. ಅಕ್ಕ ಬಾಯಿಗೆ ಸೆರಗು ಹಿಡಿದು ಕೇಳುತ್ತಿದ್ದಳು. ‘ಆಮೇಲೆ? ಮುಟ್ಟಿದ್ಲಾ?’ ಎಂದಾಗ ನನಗೆ ಸುಳ್ಳು ಹೇಳಲಾಗಲಿಲ್ಲ. ‘ನಾನು ಅಂದ್ಕೊಂಡಿದ್ದು ಅದಲ್ವಂತೆ ಅಕ್ಕ. ಒಳಗೆ ಬಿಡಬೇಡಿ ಅಂದಳಂತೆ. ಆಮೇಲೆ ಎರಡನೇ ಸಲ ನಾನೇ ಹೋಗಿ ಕೇಳಿದೆ. ಹಾಗೇ ಅಂದಿದ್ದು. ಆದ್ರೆ ಮುಖ ನೋಡಿದ್ರೆ ಮನಸ್ಸಲ್ಲಿ ಬೇರೆ ಇದ್ದ ಹಾಗಿತ್ತು.’

ಅಕ್ಕ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು, ಬಿಚ್ಚುತ್ತಿದ್ದಳು.

‘ಸಿನಿಮಾದ್ದು ನನಗೆ ಗೊತ್ತಿಲ್ಲ’ ಎಂದಳು. ‘ನಾನು ಆವತ್ತು ಹೊಸಿಲು ತುಳೀಬ್ಯಾಡ ಅಂದಾಗ ಮನಸ್ಸಲ್ಲೂ ಅದೇ ಇತ್ತು. ಬೇರೆ ಏನೋ ಇತ್ತು ಅಂತ ತಿಳ್ಕೊಂಡು ಬಂದಿದ್ರೆ ಅದು ಸುಳ್ಳು. ಅಷ್ಟು ಜನದ ಮುಂದೆ ಖಾಲಿ ಕೈಲಿ ನಿಲ್ಲಿಸಿ ಹೋದೆ ನೀನು. ನೀನು ಸತ್ರೂ ನಾನು ಬರಬಾರದು ಅನ್ನಿಸಿತ್ತು.’

ಎದ್ದು ಹೋಗಿಬಿಡಬೇಕು ಅನ್ನಿಸಿತು. ‘ನನ್ನನ್ನ ಒಂದು ಮಾತು ಕೇಳದೆ ಅವರನ್ನ ಕರೆಸಿದ್ದೆಯಲ್ಲ’ ಎಂದೆ.

‘ಹೂಂ. ಕರೆಸಿದ್ದೆ.’

‘ಈಗ?’

‘ಈಗ ಏನು?’

‘ಈಗಲೂ ಹಾಗೇ ಇದೆಯಾ ಮನಸ್ಸಲ್ಲಿ?’

ಅಕ್ಕ ಎದ್ದು ಸೀರೆ ಕೊಡವಿಕೊಂಡಳು. ‘ಎಷ್ಟು ದಿನ ಅಂತ ಹಂಗೇ ಇರುತ್ತೆ? ಮೂರ್ನಾಲ್ಕು ತಿಂಗಳು ಇತ್ತು. ಆಮೇಲೆ ಒಂದೊಂದಿನ ಇರ್ತಿತ್ತು, ಒಂದೊಂದಿನ ಇರ್ತಿರಲಿಲ್ಲ. ನೀನು ಹೋದ ಮೇಲೆ ಮನೇಲಿ ಮಾತಾಡೋರು ಯಾರಿದ್ರು? ಅದಕ್ಕೇ ಈ ಟಾಕೀಸು ಹಿಡಿದಿದ್ದು. ನಡಿ, ನಿಮ್ಮ ಭಾವ ಬರೋ ಹೊತ್ತಾತು. ಸಾರಿಗಿಡಬೇಕು.’

ಮನೆಗೆ ಬಂದೆವು. ಅಕ್ಕ ಬೀಗ ತೆಗೆದು ಒಳಗೆ ಹೋದಳು. ನಾನು ಜಗುಲಿಯಲ್ಲೇ ನಿಂತೆ. ಒಳಗಿನಿಂದ ಪಾತ್ರೆ ಸದ್ದು ಬಂತು, ನೀರು ಬಗ್ಗಿಸಿದ ಸದ್ದು ಬಂತು. ಆಮೇಲೆ ಅವಳ ದನಿ. ‘ಕಾಲು ತೊಳ್ಕೊಂಡು ಬರಬಾರದಾ? ಬೇಳೆ ನೋಡ್ಕೋ ಬಾ.’

ಭಾವ ಏಳಕ್ಕೆ ಸರಿಯಾಗಿ ಬಂದರು. ನನ್ನನ್ನು ಕಂಡು, ‘ಯಾವಾಗ ಬಂದ್ಯಮ್ಮ?’ ಎಂದು ಕೇಳಿ ಉತ್ತರಕ್ಕೆ ಕಾಯದೆ ಕೈಕಾಲು ತೊಳೆಯಲು ಹೋದರು. ಊಟ ಮುಗಿಯುವವರೆಗೆ ಇನ್ನೊಂದು ಮಾತಿಲ್ಲ. ಅವರ ಸಿಟ್ಟು ಇಳಿಯಲು ನಾನು ಇನ್ನೂ ಮೂರು ಸಲ ಹೋಗಿ ಬರಬೇಕಾಯಿತು. ನಾಲ್ಕನೆಯ ಸಲ ನನ್ನ ಇಲಾಖೆ ಪರೀಕ್ಷೆಯ ಬಗ್ಗೆ ಕೇಳಿದರು, ಆಮೇಲೆ ಸರಿಹೋಯಿತು.

ಭಾನುವಾರ ಸಂಜೆ ಪಾವಗಡಕ್ಕೆ ಬಂದಾಗ ಮನೆಯೊಡತಿ ಲಾಟೀನಿನ ಗಾಜು ಒರೆಸುತ್ತಿದ್ದಳು. ತಲೆ ಎತ್ತದೆ, ‘ಲೋಪಲಿಕಿ ರಾನಿಚ್ಚಿಂದಾ?’ ಎಂದು ಕೇಳಿದಳು. ಒಳಗೆ ಬಿಟ್ಟಳಾ ಎಂದು. ಅಷ್ಟು ತೆಲುಗು ನನಗೆ ಆಗ ಯಾರೂ ಹೇಳಿಕೊಡದೆಯೇ ಅರ್ಥವಾಯಿತು.

‘ಬಿಟ್ಟಳು. ಬೇಳೆ ನೋಡ್ಕೋ ಅಂದಳು’ ಎಂದೆ.

ಆಮೇಲೆ ತಿಂಗಳಿಗೊಂದು ಸಲ, ಎರಡನೇ ಶನಿವಾರ, ನಾನು ಮಧುಗಿರಿಗೆ ಹೋಗುವುದು, ಇಬ್ಬರೂ ಮ್ಯಾಟಿನಿ ನೋಡುವುದು ರೂಢಿಯಾಯಿತು. ಒಂದು ಸಿನಿಮಾದ ಬಗ್ಗೆಯೂ ನಮ್ಮಿಬ್ಬರ ಮಾತು ಒಂದೇ ಆದದ್ದಿಲ್ಲ. ನನಗೆ ಸಹಿಸಲಾಗದವರು ಅವಳಿಗೆ ಇಷ್ಟವಾಗುತ್ತಿದ್ದರು. ನಾನು ಅಳುವ ಕಡೆ ಅವಳು ಜಡೆ ಸರಿಮಾಡಿಕೊಳ್ಳುತ್ತಿದ್ದಳು. ಕೆಲವು ಸಿನಿಮಾ ನೋಡಿ ಬಂದರೆ ವಾರವಿಡೀ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ತೆರೆಯ ಮೇಲೆ ಯಾರೋ ತೆಗೆದುಕೊಂಡ ತೀರ್ಮಾನವನ್ನು ನನ್ನದೇ ಎಂಬಂತೆ ಹೊತ್ತು ತಿರುಗುತ್ತಿದ್ದೆ. ಕಚೇರಿಯಲ್ಲಿ ಯಾರಾದರೂ ಒಂದು ಮಾತು ಜೋರಾಗಿ ಆಡಿದರೆ, ಇವರ ಮನಸ್ಸಿನಲ್ಲಿರುವುದೂ ಇದೇನಾ ಎಂದು ಮುಖ ನೋಡುವ ಅಭ್ಯಾಸ ಹತ್ತಿಬಿಟ್ಟಿತು.

ಎಂಬತ್ತರ ದಶಕದಲ್ಲಿ ನನಗೆ ಸಿರಾಕ್ಕೆ ವರ್ಗವಾಯಿತು, ಅಲ್ಲಿಂದ ಕೊರಟಗೆರೆಗೆ. ನಡುವೆ ಮದುವೆಯೂ ಆಯಿತು. ಸರ್ವೆ ಇಲಾಖೆಯವರು. ಈ ಸಲ ಹುಡುಗನನ್ನು ನಾನೇ ನೋಡಿ ಅಕ್ಕನಿಗೆ ಹೇಳಿದೆ. ಅವಳು ಎರಡು ದಿನ ಮುಖ ಊದಿಸಿಕೊಂಡಿದ್ದು ಆಮೇಲೆ ಭಾವನನ್ನು ಒಪ್ಪಿಸಿದಳು. ನನ್ನ ಯಜಮಾನರು ಒಳ್ಳೆಯವರು. ಹಗಲೆಲ್ಲ ಹೊಲದ ಬದುಗಳ ಮೇಲೆ ಸರಪಳಿ ಎಳೆಸಿ ಬರುವವರು, ಸಿನಿಮಾ ಶುರುವಾದ ಹತ್ತು ನಿಮಿಷಕ್ಕೆ ಅವರಿಗೆ ನಿದ್ದೆ. ದೀಪ ಹೊತ್ತಿದಾಗ ಎಚ್ಚರವಾಗಿ ‘ಚೆನ್ನಾಗಿತ್ತಲ್ವಾ?’ ಅನ್ನುತ್ತಾರೆ. ನಾನು ಕುದಿಯುತ್ತಾ ಹೊರಗೆ ಬರುತ್ತಿದ್ದೆ. ಮನೆ, ಮಕ್ಕಳು ಎಂದು ಎರಡನೇ ಶನಿವಾರದ ಮಧುಗಿರಿ ಪ್ರಯಾಣವೂ ನಿಂತಿತ್ತು, ಹೇಳಿಕೊಳ್ಳಲು ಜನವಿರಲಿಲ್ಲ.

ಅದಕ್ಕೇ ಅಕ್ಕನಿಗೆ ಬರೆಯಲು ಹಿಡಿದೆ. ಇನ್‌ಲ್ಯಾಂಡ್ ಕಾಗದದಲ್ಲಿ ಮಕ್ಕಳ ಆರೋಗ್ಯ, ಅಪ್ಪನ ಮಂಡಿನೋವು ಎರಡು ಸಾಲು, ಉಳಿದದ್ದೆಲ್ಲ ಸಿನಿಮಾ. ಕೊರಟಗೆರೆಗೆ ಬಂದ ಸಿನಿಮಾ ಅಷ್ಟು ಹೊತ್ತಿಗೆ ಮಧುಗಿರಿಯಲ್ಲಿ ಓಡಿ ಮುಗಿದಿರುತ್ತಿತ್ತು, ಆದ್ದರಿಂದ ಅವಳು ನೋಡಿರುತ್ತಿದ್ದಳು. ಅವಳ ಉತ್ತರವೂ ಬರುತ್ತಿತ್ತು, ನಾಲ್ಕನೇ ಕ್ಲಾಸು ಓದಿದವಳ ದಪ್ಪ ಅಕ್ಷರದಲ್ಲಿ. ಒತ್ತಕ್ಷರ ಅರ್ಧ ಇರುತ್ತಿರಲಿಲ್ಲ. ಒಂದು ಸಲ ನಾನು, ಮಗನನ್ನು ಪೊಲೀಸರಿಗೆ ಹಿಡಿದುಕೊಡುವ ತಾಯಿಯೊಬ್ಬಳ ಸಿನಿಮಾ ನೋಡಿ ಮೂರು ದಿನ ನಿದ್ದೆಯಿಲ್ಲದೆ, ಅವಳು ಮಾಡಿದ್ದು ಸರಿ ಎಂದು ಪುಟ ತುಂಬ ಬರೆದಿದ್ದೆ. ಅಕ್ಕನ ಉತ್ತರ ಎಂಟು ದಿನದಲ್ಲಿ ಬಂತು. ‘ನಿನಗೆ ತಲೆ ಕೆಟ್ಟಿದೆ. ಹೆತ್ತವಳು ಹಂಗೆ ಮಾಡಾಕಾಗಲ್ಲ. ಮಾಡಿದರೂ ಆಮೇಲೆ ಅಷ್ಟು ನೆಟ್ಟಗೆ ನಿಲ್ಲಾಕಾಗಲ್ಲ. ಬರೆದರೆ ಮುಗಿಯುವ ಮಾತಲ್ಲ ಇದು. ಶನಿವಾರ ಹನ್ನೊಂದರ ಬಸ್ಸಿಗೆ ಬರುತ್ತೇನೆ, ಮನೆಯಲ್ಲಿರು.’

ನಾನು ಮನೆಯಲ್ಲಿ ಕಾಯಲಾಗದೆ ಬಸ್‌ ಸ್ಟ್ಯಾಂಡಿಗೆ ಹೋಗಿ ನಿಂತಿದ್ದೆ. ಹೇಳಿದ ಬಸ್ಸಿಗೇ ಬಂದಳು. ಮಧುಗಿರಿಯಿಂದ ಒಬ್ಬಳೇ ಬಸ್ಸು ಹತ್ತಿ ಬಂದದ್ದು ಅದೇ ಮೊದಲಂತೆ. ಕೈಯಲ್ಲಿ ಒಂದು ಡಬ್ಬಿ ಕೋಡುಬಳೆ. ಬಸ್ಸಿನಿಂದ ಇಳಿಯುತ್ತಾ ಇಳಿಯುತ್ತಾ, ಕೊನೆಯ ಮೆಟ್ಟಿಲ ಮೇಲಿರುವಾಗಲೇ, ಆ ತಾಯಿ ಮಾಡಿದ್ದು ಯಾಕೆ ತಪ್ಪು ಎಂದು ಹೇಳಲು ಶುರು ಮಾಡಿದಳು.